ತಾಳ ಮೊದಲೋ ನಾದ ಮೊದಲೋ: ಪುಕ್ಕಟೆ ಟ್ರ್ಯಾಕರ್, ಮಾಡ್ಯುಲರ್ ಸಿಂಥ್‌ಗಳಲ್ಲಿ ಯಾವುದನ್ನು ಹಿಡಿಯಬೇಕು

ಹಳೇ ಲ್ಯಾಪ್‌ಟಾಪ್ ಒಂದು ಉಂಟು, ಸಂಗೀತ ಮಾಡುವ ಆಸೆ ಉಂಟು, ದುಡ್ಡು ಹಾಕಲಿಕ್ಕಿಲ್ಲ, ಯಾವ ಸಾಫ್ಟ್‌ವೇರ್ ಹಾಕಿಕೊಳ್ಳಲಿ? ಕುಂಬಳೆ, ಬದಿಯಡ್ಕ, ಮಂಜೇಶ್ವರ ಕಡೆಯ ಹುಡುಗ ಹುಡುಗಿಯರು ಈ ಪ್ರಶ್ನೆಯನ್ನು ಮತ್ತೆ ಮತ್ತೆ ಕೇಳುತ್ತಾರೆ. ಕೇಳುವವರಿಗೆ ಹೆಸರುಗಳು ಗೊತ್ತಿರುತ್ತವೆ: ಸನ್‌ವಾಕ್ಸ್, ಓಪನ್‌ಎಂಪಿಟಿ, ಮಿಲ್ಕಿಟ್ರ್ಯಾಕರ್, ವಿಸಿವಿ ರ‍್ಯಾಕ್, ಪ್ಯೂರ್ ಡೇಟಾ. ಎಲ್ಲವನ್ನೂ ಇಳಿಸಿಕೊಂಡು, ಒಂದೊಂದನ್ನು ಒಂದೊಂದು ಸಂಜೆ ತೆರೆದು ನೋಡಿ, ಯಾವುದರಲ್ಲೂ ಒಂದು ನಿಮಿಷದ ಸಂಗೀತವೂ ಮುಗಿಯದೆ ಕೈಬಿಟ್ಟವರೇ ಜಾಸ್ತಿ. ಅದು ಅವರ ತಪ್ಪಲ್ಲ. ಹೊರಗಿನಿಂದ ಎಲ್ಲವೂ ಒಂದೇ ಕೆಲಸಕ್ಕೆ ಇರುವ ಹಾಗೆ ಕಾಣುತ್ತವೆ, ಒಳಗೆ ಹೋದರೆ ಒಂದೊಂದರ ಮನಸ್ಸು ಬೇರೆ ಬೇರೆ.

"ಯಾವುದು ಒಳ್ಳೆಯದು" ಅಂತ ಕೇಳಿದರೆ ಉತ್ತರ ಸಿಗುವುದಿಲ್ಲ. ಬೇರೆ ಪ್ರಶ್ನೆ ಕೇಳಿಕೊಳ್ಳಿ. ನಿಮಗೆ ಸಂಗೀತ ಹೊಳೆಯುವಾಗ ಮೊದಲು ಬರುವುದು ತಾಳವೋ ನಾದವೋ? ಬಸ್ಸಿನಲ್ಲಿ ಕೂತಾಗ ಬೆರಳು ಸುಮ್ನೆ ಮೊಣಕಾಲಿನ ಮೇಲೆ ಲೆಕ್ಕ ಹಾಕುತ್ತದೆ ಅಂತಾದರೆ ನೀವು ಟ್ರ್ಯಾಕರ್ ಕಡೆಯವರು. ಅದರ ಬದಲು ದೂರದ ಜಾಗಟೆ ನಿಂತ ಮೇಲೂ ಉಳಿಯುವ ಗುಂಯ್ ಸದ್ದಿಗೇ ಕಿವಿ ಹೋಗುತ್ತದೆ, ಅದು ಯಾಕೆ ಹಾಗೆ ಅಲುಗುತ್ತದೆ ಅಂತ ಯೋಚನೆ ಬರುತ್ತದೆ ಅಂತಾದರೆ ಮಾಡ್ಯುಲರ್ ಕಡೆಯವರು. ಉಳಿದದ್ದನ್ನು ನಿಮ್ಮ ಕಂಪ್ಯೂಟರ್ ತೀರ್ಮಾನಿಸುತ್ತದೆ.

ಎರಡು ಮನೆತನಗಳು

ಟ್ರ್ಯಾಕರ್ ಅಂದರೆ ಸ್ವರಗಳನ್ನು ಮೇಲಿನಿಂದ ಕೆಳಕ್ಕೆ ಸಾಲು ಸಾಲಾಗಿ ಬರೆಯುವ ತಂತ್ರಾಂಶ. ಒಂದೊಂದು ಕಂಬಸಾಲು ಒಂದೊಂದು ಚಾನೆಲ್. ಯಾವ ಸ್ವರ, ಯಾವ ವಾದ್ಯ, ಎಷ್ಟು ಜೋರು, ಏನು ಎಫೆಕ್ಟ್ ಎಂಬುದನ್ನು ಕೀಬೋರ್ಡಿನಲ್ಲೇ ಟೈಪ್ ಮಾಡುತ್ತೀರಿ. 1987ರಲ್ಲಿ ಕಾರ್ಸ್ಟನ್ ಒಬಾರ್ಸ್ಕಿ ಅಮಿಗಾ ಕಂಪ್ಯೂಟರಿಗೆ ಮಾಡಿದ ಅಲ್ಟಿಮೇಟ್ ಸೌಂಡ್‌ಟ್ರ್ಯಾಕರ್‌ನಿಂದ ಈ ಪದ್ಧತಿ ಸುರುವಾಯಿತು. ಅಮಿಗಾದ ಸೌಂಡ್ ಚಿಪ್ಪಿನಲ್ಲಿ 4 ಚಾನೆಲ್ ಇತ್ತು, ಹಾಗಾಗಿ ಟ್ರ್ಯಾಕರಿನಲ್ಲೂ 4. ಈಗ ಆ ಮಿತಿ ಇಲ್ಲ, ಬರೆಯುವ ರೀತಿ ಮಾತ್ರ ಹಾಗೆಯೇ ಉಳಿದಿದೆ.

ಮಾಡ್ಯುಲರ್ ಸಿಂಥ್ ಅಂದರೆ ಸದ್ದು ಹುಟ್ಟಿಸುವ ಆಸಿಲೇಟರ್, ಸದ್ದನ್ನು ಸೋಸುವ ಫಿಲ್ಟರ್, ಏರಿಳಿಸುವ ಆಂಪ್ಲಿಫಯರ್, ಇವೆಲ್ಲ ಬೇರೆ ಬೇರೆ ಪೆಟ್ಟಿಗೆಗಳು. ಅವುಗಳ ನಡುವೆ ವಯರ್ ಎಳೆಯುವವರು ನೀವು. ವಯರ್ ಹೇಗೆ ಎಳೆದಿರೋ ಹಾಗೆ ವಾದ್ಯ. ನಿಜವಾದ ಪೆಟ್ಟಿಗೆಗಳನ್ನು ಕೊಂಡು ಜೋಡಿಸುವುದು ನಮ್ಮ ಜೇಬಿಗೆ ಆಗುವ ಮಾತಲ್ಲ. ಅದನ್ನೇ ಪರದೆಯ ಮೇಲೆ ಮಾಡಿಕೊಡುವ ಪುಕ್ಕಟೆ ತಂತ್ರಾಂಶಗಳು ಬಂದದ್ದು ದೊಡ್ಡ ಉಪಕಾರ.

ಯಾವುದರಿಂದ ಅಳೆಯುವುದು

ಮೊದಲನೆಯದು ಕಂಪ್ಯೂಟರ್. 4 ಜಿಬಿ ರ‍್ಯಾಮ್ ಇರುವ, ಬೇರೆ ಗ್ರಾಫಿಕ್ಸ್ ಕಾರ್ಡ್ ಇಲ್ಲದ ಲ್ಯಾಪ್‌ಟಾಪ್ ನಮ್ಮಲ್ಲಿ ಬಹಳ ಮನೆಗಳಲ್ಲಿ ಇರುವುದು. ಇನ್ನೊಂದು ಮಾತು ಕಾಸರಗೋಡಿನವರಿಗೆ ವಿಶೇಷವಾಗಿ ಅನ್ವಯಿಸುತ್ತದೆ. ಕೇರಳದ ಶಾಲೆಗಳಲ್ಲಿ, ಕನ್ನಡ ಮಾಧ್ಯಮದವೂ ಸೇರಿ, ರಾಜ್ಯ ಸರ್ಕಾರದ ಕೈಟ್ ಸಂಸ್ಥೆ ಕೊಡುವ ಉಬುಂಟು ಆಧಾರಿತ ಗ್ನೂ/ಲಿನಕ್ಸ್‌ನಲ್ಲೇ ಮಕ್ಕಳು ಕಂಪ್ಯೂಟರ್ ಕಲಿಯುತ್ತಾರೆ. ಶಾಲೆಯ ಲಿಟಲ್ ಕೈಟ್ಸ್ ಐಟಿ ಕ್ಲಬ್ಬಿನಲ್ಲಿ ಇದ್ದವರಿಗಂತೂ ಅದು ಚೆನ್ನಾಗಿ ಕೈಗೆ ಹತ್ತಿರುತ್ತದೆ. ಹಾಗಾಗಿ ಲಿನಕ್ಸ್‌ನಲ್ಲಿ ಓಡುತ್ತದೋ ಇಲ್ಲವೋ ಎಂಬುದು ನಮಗೆ ದೊಡ್ಡ ಅಳತೆಗೋಲು.

ಎರಡನೆಯದು ನೆಟ್ ಇಲ್ಲದಾಗ ಕೆಲಸ ನಡೆಯುತ್ತದೋ ಎಂಬುದು. ಮಳೆಗಾಲದಲ್ಲಿ ಅಡಿಕೆ ತೋಟದ ನಡುವಿನ ಮನೆಯಲ್ಲಿ ಕರೆಂಟು ಹೋದರೆ ವೈಫೈಯೂ ಹೋಯಿತು. ಲ್ಯಾಪ್‌ಟಾಪಿನ ಬ್ಯಾಟರಿ ಎಷ್ಟು ಹೊತ್ತು ಬರುತ್ತದೆ ಎಂಬುದೂ ಸಾಫ್ಟ್‌ವೇರ್ ಎಷ್ಟು ಭಾರ ಎಂಬುದರ ಮೇಲೆ ನಿಂತಿದೆ.

ಮೂರನೆಯದು, ನಾಲ್ಕರ ಲೆಕ್ಕ ಬಿಟ್ಟು ಬೇರೆ ತಾಳಕ್ಕೆ ಅದು ಬಗ್ಗುತ್ತದೋ ಇಲ್ಲವೋ. ಇದಕ್ಕೆ ನಾನು ಎಲ್ಲ ತಂತ್ರಾಂಶಕ್ಕೂ ಒಂದೇ ಪರೀಕ್ಷೆ ಇಡುತ್ತೇನೆ: 7 ಅಕ್ಷರದ, ಅಂದರೆ 7 ಎಣಿಕೆಯ, ತ್ರಿವುಡೆ ತಾಳ, 3+2+2. ಯಕ್ಷಗಾನದ ಪಾರ್ತಿಸುಬ್ಬನ ಕುಂಬಳೆಯ ಪಕ್ಕದಲ್ಲಿ ಕೂತು, ಆಟ ನೋಡಿ ಬೆಳೆದ ನಾವು ಬರೀ ನಾಲ್ಕರ ಬೀಟಿನಲ್ಲೇ ಯಾಕೆ ಸುತ್ತಬೇಕು?

ನಾಲ್ಕನೆಯದು ಶ್ರುತಿ. ನಿಮ್ಮ ಷಡ್ಜ ಬಿಳಿ ಒಂದು ಅಂತ ಇಟ್ಟುಕೊಳ್ಳಿ, ಅಂದರೆ ಸುಮಾರು 261.63 ಹರ್ಟ್ಸ್. ಅದಕ್ಕೆ ಸರಿಯಾದ ಪಂಚಮ ಅದರ ಒಂದೂವರೆ ಪಟ್ಟು, 392.44. ಸಂಗೀತದ ಕೀಬೋರ್ಡಿನ ಪಂಚಮ 392.00. ವ್ಯತ್ಯಾಸ ಬಹಳ ಕಡಿಮೆ. ಅಂತರ ಗಾಂಧಾರದಲ್ಲಿ ಹಾಗಲ್ಲ. ಷಡ್ಜದ ಒಂದೂಕಾಲು ಪಟ್ಟು ಅಂದರೆ 327.03, ಕೀಬೋರ್ಡಿನದು 329.63. ಷಡ್ಜದ ಜೊತೆ ಎಳೆದು ಹಿಡಿದರೆ ಕೀಬೋರ್ಡಿನ ಗಾಂಧಾರ ಸ್ವಲ್ಪ ಒರಟಾಗಿ ನಡುಗುತ್ತದೆ, ಸರಿಯಾದದ್ದು ಷಡ್ಜದೊಳಗೆ ಕರಗಿ ನಿಲ್ಲುತ್ತದೆ. ಆ ಸರಿಯಾದ ಗಾಂಧಾರವನ್ನು ಇಡಲು ತಂತ್ರಾಂಶ ಬಿಡುತ್ತದೋ ಇಲ್ಲವೋ, ಇದು ನನ್ನ ಎರಡನೇ ಪರೀಕ್ಷೆ.

ಆಮೇಲೆ ಇನ್ನೆರಡು ಉಂಟು. ನೀವೇ ಮೊಬೈಲಿನಲ್ಲಿ ರೆಕಾರ್ಡ್ ಮಾಡಿದ ಸದ್ದನ್ನು ಸುಲಭವಾಗಿ ಒಳಗೆ ತರಬಹುದಾ? ಮಾಡಿದ ಕೆಲಸವನ್ನು ಗೆಳೆಯನಿಗೆ ಕಳಿಸಿದರೆ ಅವನಲ್ಲಿ ಹಾಗೆಯೇ ತೆರೆಯುತ್ತದಾ?

ಸನ್‌ವಾಕ್ಸ್

ಹೆಚ್ಚಿನವರಿಗೆ ನಾನು ಮೊದಲು ಹೇಳುವ ಹೆಸರು ಇದು. ಅಲೆಕ್ಸಾಂಡರ್ ಝೊಲೊಟೊವ್ ಅವರ ಕೆಲಸ, 2008ರಿಂದ ಇದೆ. ಇದರಲ್ಲಿ ಎರಡೂ ಮನೆತನ ಸೇರಿದೆ. ಒಂದು ಕಡೆ ಪೆಟ್ಟಿಗೆಗಳನ್ನು ವಯರಿನಿಂದ ಜೋಡಿಸಿ ಸದ್ದು ಮಾಡುತ್ತೀರಿ, ಇನ್ನೊಂದು ಕಡೆ ಟ್ರ್ಯಾಕರಿನ ಹಾಗೆ ಸಾಲು ಸಾಲಾಗಿ ಸ್ವರ ಬರೆಯುತ್ತೀರಿ. ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರಕ್ಕೂ ಪುಕ್ಕಟೆ. ಇನ್‌ಸ್ಟಾಲ್ ಮಾಡುವ ಕೆಲಸವೇ ಇಲ್ಲ, ಜಿಪ್ ಬಿಡಿಸಿ ತೆರೆದರೆ ಆಯಿತು, ಪೆನ್‌ಡ್ರೈವಿನಲ್ಲೂ ಇಟ್ಟುಕೊಳ್ಳಬಹುದು. ರಾಸ್ಪ್‌ಬೆರಿ ಪೈಯಂಥ ಸಣ್ಣ ಬೋರ್ಡಿನಲ್ಲೂ ಓಡುತ್ತದೆ ಅಂದ ಮೇಲೆ ನಿಮ್ಮ ಹಳೇ ಲ್ಯಾಪ್‌ಟಾಪ್ ಯಾವ ಲೆಕ್ಕ. ನೆಟ್ ಬೇಡ, ಖಾತೆ ತೆರೆಯಬೇಕಾಗಿಲ್ಲ.

ತ್ರಿವುಡೆಯ ಪರೀಕ್ಷೆಯಲ್ಲಿ ಇದು ಎಲ್ಲರಿಗಿಂತ ಮುಂದೆ. ಒಂದು ಅಕ್ಷರಕ್ಕೆ 4 ಸಾಲು ಅಂತ ಲೆಕ್ಕ ಇಟ್ಟರೆ 7 ಅಕ್ಷರಕ್ಕೆ 28 ಸಾಲು. ಪ್ಯಾಟರ್ನಿನ, ಅಂದರೆ ಸಾಲುಗಳ ಒಂದು ತುಂಡಿನ, ಉದ್ದ 28 ಅಂತ ಕೊಟ್ಟು, ಸೊನ್ನೆಯಿಂದ ಎಣಿಸಿ 0, 12, 20ನೇ ಸಾಲುಗಳಲ್ಲಿ ಜೋರು ಪೆಟ್ಟು ಇಟ್ಟರೆ 3+2+2 ಕೂತಿತು. ಅದಕ್ಕಿಂತ ದೊಡ್ಡ ಗುಣ ಇನ್ನೊಂದುಂಟು. ಹಳೇ ಟ್ರ್ಯಾಕರುಗಳಲ್ಲಿ ಎಲ್ಲ ಚಾನೆಲ್‌ಗಳೂ ಒಂದೇ ಪ್ಯಾಟರ್ನಿನ ಉದ್ದಕ್ಕೆ ಕಟ್ಟುಬಿದ್ದಿರುತ್ತವೆ. ಸನ್‌ವಾಕ್ಸ್‌ನಲ್ಲಿ ಹಾಗಲ್ಲ, ಬೇರೆ ಬೇರೆ ಉದ್ದದ ಪ್ಯಾಟರ್ನ್‌ಗಳನ್ನು ಟೈಮ್‌ಲೈನಿನಲ್ಲಿ ಒಂದರ ಮೇಲೊಂದು ಇಟ್ಟು ಒಟ್ಟಿಗೆ ನುಡಿಸಬಹುದು. ಕೆಳಗೆ 28ರ ತ್ರಿವುಡೆ ತಿರುಗುತ್ತಾ ಇರಲಿ, ಮೇಲೆ 40 ಸಾಲಿನ, ಅಂದರೆ 10 ಅಕ್ಷರದ ಝಂಪೆಯ ಅಳತೆಯ ಒಂದು ಸ್ವರಸಾಲು ತಿರುಗಲಿ. ಎರಡೂ ಮತ್ತೆ ಒಂದೇ ಕಡೆ ಸುರುವಾಗುವುದು 280 ಸಾಲು ಆದ ಮೇಲೆ. ಆ ನಡುವಿನ ಜಾಗದಲ್ಲಿ ಕಿವಿಗೆ ಎಷ್ಟು ಹೊಸ ವಿಷಯ ಸಿಗುತ್ತದೆ ಅಂತ ಕೇಳಿಯೇ ನೋಡಬೇಕು.

ಶ್ರುತಿಯ ಪರೀಕ್ಷೆಯಲ್ಲೂ ಪಾಸು, ಆದರೆ ಸ್ವಲ್ಪ ಸುತ್ತು ದಾರಿ. ಪ್ರತಿ ಮಾಡ್ಯೂಲಿಗೂ, ಅಂದರೆ ಪೆಟ್ಟಿಗೆಗೂ, ಸ್ವರವನ್ನು ತುಸು ಏರಿಳಿಸುವ ಫೈನ್‌ಟ್ಯೂನ್ ಇದೆ. ಷಡ್ಜಕ್ಕೊಂದು, ಗಾಂಧಾರಕ್ಕೊಂದು ಜನರೇಟರ್, ಅಂದರೆ ಸದ್ದು ಹುಟ್ಟಿಸುವ ಪೆಟ್ಟಿಗೆ, ಇಟ್ಟು ಗಾಂಧಾರದ್ದನ್ನು ಕಿವಿ ಕೊಟ್ಟು ಇಳಿಸಿ. ನಡುಕ ನಿಂತ ಜಾಗವೇ ಸರಿಯಾದ ಜಾಗ. ಸ್ವರದಿಂದ ಸ್ವರಕ್ಕೆ ಜಾರಲು ಎಫೆಕ್ಟ್ ಕಾಲಮ್ಮಿನಲ್ಲಿ 03 ಇದೆ, ಗಮಕದ ಕೆಲಸಕ್ಕೆ ಅದು ಬಹಳ ಬೇಕಾಗುತ್ತದೆ.

ಕೊರತೆ ಏನು? ಮೊದಲ ಸಲ ತೆರೆದಾಗ ಪರದೆ ಗಲಿಬಿಲಿ ಮಾಡುತ್ತದೆ. ಬೇರೆ ಯಾವ ತಂತ್ರಾಂಶದ ಹಾಗೂ ಇಲ್ಲ. ಹೊರಗಿನ ವಿಎಸ್‌ಟಿ ಪ್ಲಗಿನ್, ಅಂದರೆ ಬೇರೆಯವರು ಮಾಡಿದ ವಾದ್ಯ, ಎಫೆಕ್ಟುಗಳು, ಇದರೊಳಗೆ ಬರುವುದಿಲ್ಲ, ಒಳಗಿದ್ದದ್ದರಲ್ಲೇ ಕೆಲಸ ಆಗಬೇಕು. ಇದು ಪುಕ್ಕಟೆ ಹೌದು, ಆದರೆ ಪೂರ್ತಿ ಮುಕ್ತ ತಂತ್ರಾಂಶ ಅಲ್ಲ, ಅಂದರೆ ಮೂಲ ಕೋಡ್ ಪೂರ್ತಿ ತೆರೆದಿಟ್ಟಿಲ್ಲ. ಆ ತತ್ವ ನಿಮಗೆ ಮುಖ್ಯವಾದರೆ ತಿಳಿದಿರಲಿ. ಆಂಡ್ರಾಯ್ಡ್ ಮತ್ತು ಐಫೋನಿನಲ್ಲಿ ಮಾತ್ರ ದುಡ್ಡು ಕೊಡಬೇಕು. ಕಂಪ್ಯೂಟರೇ ಇಲ್ಲ, ಮೊಬೈಲ್ ಮಾತ್ರ ಇರುವುದು ಅನ್ನುವವರಿಗೆ ನಾನು ಖರ್ಚು ಮಾಡಿ ಅಂತ ಹೇಳುವುದು ಇದೊಂದಕ್ಕೇ. ಮೊಬೈಲಿನಲ್ಲಿ ಮಾಡಿದ ಫೈಲು ಮುಂದೆ ಲ್ಯಾಪ್‌ಟಾಪ್ ಬಂದಾಗ ಅಲ್ಲಿಯೂ ಹಾಗೆಯೇ ತೆರೆಯುತ್ತದೆ.

ಓಪನ್‌ಎಂಪಿಟಿ

ವಿಂಡೋಸ್ ಲ್ಯಾಪ್‌ಟಾಪ್ ಇದೆ, ಮತ್ತು ನಿಮ್ಮ ಸಂಗೀತ ನೀವು ರೆಕಾರ್ಡ್ ಮಾಡಿದ ಸದ್ದುಗಳಿಂದಲೇ ಆಗಬೇಕು ಅಂತಾದರೆ ಸನ್‌ವಾಕ್ಸ್‌ಗಿಂತ ಇದು ಮೇಲು. ಒಲಿವಿಯೆ ಲಾಪಿಕ್ 1997ರಲ್ಲಿ ಸುರು ಮಾಡಿದ ಮಾಡ್‌ಪ್ಲಗ್ ಟ್ರ್ಯಾಕರ್ ಮುಂದೆ ಮುಕ್ತ ತಂತ್ರಾಂಶವಾಗಿ ಈ ಹೆಸರು ಪಡೆಯಿತು. ವಿಂಡೋಸಿನ ಮೆನು, ಕಿಟಕಿ ಎಲ್ಲ ಮಾಮೂಲಿ ರೀತಿಯಲ್ಲೇ ಇರುವುದರಿಂದ ಹೊಸಬರಿಗೆ ಹೆದರಿಕೆ ಕಡಿಮೆ. ವಿಎಸ್‌ಟಿ ಪ್ಲಗಿನ್ ಹಾಕಬಹುದು.

ಇದರ ಸೊಗಸು ರೆಕಾರ್ಡ್ ಮಾಡಿದ ಸದ್ದಿನ ತುಂಡಿನಲ್ಲಿ, ಅಂದರೆ ಸ್ಯಾಂಪಲ್‌ನಲ್ಲಿ. ನಿಮ್ಮ ಊರಿನ ಚೆಂಡೆಯವರ ಹತ್ತಿರ ಹೋಗಿ, ಮೊದಲು ಅವರನ್ನು ಕೇಳಿ, ಅವರು ಒಪ್ಪಿದರೆ ಮಾತ್ರ, ಒಂದೊಂದು ಪೆಟ್ಟನ್ನು ಬಿಡಿಬಿಡಿಯಾಗಿ ನುಡಿಸಲು ಹೇಳಿ ರೆಕಾರ್ಡ್ ಮಾಡಿಕೊಳ್ಳಿ. ಪೆಟ್ಟು ಬಿದ್ದ ಮೇಲೆ ಸದ್ದು ಪೂರ್ತಿ ಆರುವವರೆಗೆ ಯಾರೂ ಮಾತಾಡಬಾರದು. ಮೊಬೈಲನ್ನು ಚೆಂಡೆಯ ತೀರಾ ಹತ್ತಿರ ಹಿಡಿದರೆ ಸದ್ದು ಒಡೆಯುತ್ತದೆ, ನಾಲ್ಕೈದು ಅಡಿ ದೂರ ಇರಲಿ. ಮೆಲ್ಲಗೆ ಹೊಡೆದದ್ದು, ಮಧ್ಯಮ, ಜೋರು, ಮೂರೂ ಬೇಕು. ಯಾಕೆಂದರೆ ಜೋರು ಪೆಟ್ಟಿನ ವಾಲ್ಯೂಮ್ ಇಳಿಸಿದರೆ ಅದು ಮೆಲ್ಲಗಿನ ಪೆಟ್ಟಾಗುವುದಿಲ್ಲ, ಚರ್ಮದ ಸ್ವರವೇ ಬೇರೆ. ಸದ್ದು ಕತ್ತರಿಸುವ ತಂತ್ರಾಂಶ ಅಡಾಸಿಟಿಯಲ್ಲಿ ಮುಂದಿನ ಹಿಂದಿನ ಖಾಲಿ ಜಾಗ ಕತ್ತರಿಸಿ ಓಪನ್‌ಎಂಪಿಟಿಗೆ ತನ್ನಿ.

ಇಲ್ಲಿ ಒಂದು ಸೆಟ್ಟಿಂಗ್ ಬಹಳ ಮುಖ್ಯ. ಇಂಪಲ್ಸ್ ಟ್ರ್ಯಾಕರ್‌ನಿಂದ ಬಂದ ಹೊಸ ಸ್ವರದ ಕ್ರಮ (ನ್ಯೂ ನೋಟ್ ಆಕ್ಷನ್) ಅಂತ ಒಂದುಂಟು, ಇನ್‌ಸ್ಟ್ರುಮೆಂಟ್ ಪುಟದಲ್ಲಿ ಎನ್‌ಎನ್‌ಎ ಅಂತ ಇರುತ್ತದೆ. ಅದನ್ನು ಕಂಟಿನ್ಯೂ, ಅಂದರೆ ಮುಂದುವರಿಯಲಿ, ಅಂತ ಇಡಿ. ಆಗ ಹೊಸ ಪೆಟ್ಟು ಬಿದ್ದರೂ ಹಿಂದಿನ ಪೆಟ್ಟಿನ ಗುಂಗು ಕತ್ತರಿಸಿ ಹೋಗುವುದಿಲ್ಲ. ಇದಿಲ್ಲದೆ ಬರೆದ ಚೆಂಡೆ ಯಂತ್ರದ ಹಾಗೆ ಟಕ್ ಟಕ್ ಅಂತ ಕೇಳುತ್ತದೆ, ಇದನ್ನು ಇಟ್ಟರೆ ಒಂದು ಪೆಟ್ಟಿನ ಮೇಲೆ ಇನ್ನೊಂದು ಹತ್ತಿ ಕೂರುತ್ತದೆ.

28 ಸಾಲಿನ ಪ್ಯಾಟರ್ನ್ ಸಲೀಸು. ಟ್ರ್ಯಾಕರುಗಳ ಮಾಮೂಲಿ ವೇಗ ಟೆಂಪೊ 125, ಸ್ಪೀಡ್ 6. ಆ ವೇಗದಲ್ಲಿ ಒಂದು ಸಾಲಿಗೆ 0.12 ಸೆಕೆಂಡು, ಒಂದು ತ್ರಿವುಡೆಯ ಸುತ್ತಿಗೆ 3.36 ಸೆಕೆಂಡು. ಶ್ರುತಿಗೆ ಎಂಪಿಟಿಎಂ ಎಂಬ ಅದರದ್ದೇ ಫೈಲ್ ರೂಪದಲ್ಲಿ ಬೇಕಾದ ಸ್ವರಸ್ಥಾನಗಳ ಪಟ್ಟಿ ಮಾಡಿ ಇನ್‌ಸ್ಟ್ರುಮೆಂಟಿಗೆ ಹಚ್ಚಬಹುದು. ಒಮ್ಮೆ ಮಾಡಿಟ್ಟರೆ ಆಮೇಲೆ ಪ್ರತಿ ಸ್ವರಕ್ಕೂ ಒದ್ದಾಡಬೇಕಾಗಿಲ್ಲ. ಈ ವಿಷಯದಲ್ಲಿ ಟ್ರ್ಯಾಕರುಗಳ ಪೈಕಿ ನನಗೆ ಇದೇ ಇಷ್ಟ.

ಲಿನಕ್ಸ್‌ನವರಿಗೆ? ವಿಂಡೋಸ್ ತಂತ್ರಾಂಶವನ್ನು ಲಿನಕ್ಸ್‌ನಲ್ಲಿ ಓಡಿಸುವ ವೈನ್ ಮೂಲಕ ಓಡುತ್ತದೆ, ಚೆನ್ನಾಗಿಯೇ ಓಡುತ್ತದೆ. ಆದರೆ ವೈನ್ ಹಾಕಿ, ಸೌಂಡ್ ಸರಿಮಾಡಿ ಅಂತ ಸುರುವಿನಲ್ಲೇ ಗೋಜಲು ಯಾಕೆ. ಲಿನಕ್ಸ್ ಇದ್ದರೆ ಸನ್‌ವಾಕ್ಸ್, ಇಲ್ಲವೇ ಮುಂದೆ ಹೇಳುವುದು.

ಮಿಲ್ಕಿಟ್ರ್ಯಾಕರ್, ಸ್ಕಿಸಮ್

ಎರಡೂ ಮುಕ್ತ ತಂತ್ರಾಂಶ, ಎರಡೂ ಉಬುಂಟುವಿನ ಭಂಡಾರದಲ್ಲೇ ಸಿಗುತ್ತವೆ. ಮಿಲ್ಕಿಟ್ರ್ಯಾಕರ್ 1994ರ ಫಾಸ್ಟ್‌ಟ್ರ್ಯಾಕರ್ 2ರ ದಾರಿ, ಸ್ಕಿಸಮ್ 1995ರ ಇಂಪಲ್ಸ್ ಟ್ರ್ಯಾಕರಿನ ದಾರಿ. ಬಹಳ ಹಗುರ. ಎಷ್ಟು ಹಳೇ ಕಂಪ್ಯೂಟರ್ ಆದರೂ ಪರವಾಗಿಲ್ಲ, ಬ್ಯಾಟರಿಯೂ ಉಳಿಯುತ್ತದೆ.

ಮಿಲ್ಕಿಯಲ್ಲಿ ಎಕ್ಸ್‌ಎಂ ಎಂಬ ಫೈಲ್ ರೂಪವನ್ನೇ ಆರಿಸಿ, ಯಾಕೆಂದರೆ ಮಾಡ್ ರೂಪದಲ್ಲಿ ಪ್ಯಾಟರ್ನ್ ಯಾವಾಗಲೂ 64 ಸಾಲೇ. ಗಾಂಧಾರಕ್ಕೆ ಅದೇ ಸ್ಯಾಂಪಲಿನ ಇನ್ನೊಂದು ಪ್ರತಿ ಮಾಡಿ ಫೈನ್‌ಟ್ಯೂನನ್ನು ಮೈನಸ್ 18ಕ್ಕೆ ಇಳಿಸಿ. ಅಲ್ಲಿ 128 ಅಂದರೆ ಒಂದು ಅರೆಸ್ವರ, ಹಾಗಾಗಿ 18 ಅಂದರೆ ನಮಗೆ ಬೇಕಾದಷ್ಟೇ ಇಳಿಯುತ್ತದೆ. ಸ್ಕಿಸಮ್‌ನಲ್ಲಿ ಪ್ಯಾಟರ್ನ್ 32 ಸಾಲಿಗಿಂತ ಗಿಡ್ಡ ಆಗುವುದಿಲ್ಲ. ತ್ರಿವುಡೆಯ ಎರಡು ಸುತ್ತು ಸೇರಿಸಿ 56 ಸಾಲು ಮಾಡಿದರೆ ಸರಿಹೋಗುತ್ತದೆ. ಪೂರ್ತಿ ಕೀಬೋರ್ಡಿನಲ್ಲೇ ಓಡಿಸುವ ತಂತ್ರಾಂಶ ಅದು. ಇಷ್ಟಪಡುವವರು ಬಹಳ ಇಷ್ಟಪಡುತ್ತಾರೆ, ಮೌಸ್ ಹಿಡಿದೇ ಅಭ್ಯಾಸ ಇದ್ದವರು ಮಿಲ್ಕಿ ಹಾಕಿಕೊಳ್ಳಿ. ರಿನಾಯ್ಸ್ ಅಂತ ಒಳ್ಳೆಯ ಟ್ರ್ಯಾಕರ್ ಒಂದಿದೆ, ಆದರೆ ಅದಕ್ಕೆ ದುಡ್ಡು ಕೊಡಬೇಕು. ಡೆಮೊದಲ್ಲಿ ವೇವ್ ಫೈಲ್ ಮಾಡಲು ಬಿಡುವುದಿಲ್ಲ, ಹಾಗಾಗಿ ಇಲ್ಲಿ ಅದರ ಮಾತು ಬೇಡ.

ವಿಸಿವಿ ರ‍್ಯಾಕ್

ಎಲ್ಲರ ಕಣ್ಣು ಬೀಳುವುದು ಇದರ ಮೇಲೆ, ಯಾಕೆಂದರೆ ನೋಡಲು ಅಷ್ಟು ಚಂದ. ಆಂಡ್ರ್ಯೂ ಬೆಲ್ಟ್ 2017ರಲ್ಲಿ ತಂದದ್ದು, ಯೂರೋರ‍್ಯಾಕ್ ಎಂಬ ಅಳತೆಯ ನಿಜವಾದ ಮಾಡ್ಯುಲರ್ ಪೆಟ್ಟಿಗೆಗಳನ್ನು ಪರದೆಯ ಮೇಲೆ ಹಾಗೆಯೇ ಇಳಿಸಿದ್ದಾರೆ. ಪುಕ್ಕಟೆ ಮಾಡ್ಯೂಲುಗಳೇ ಸಾವಿರಕ್ಕೂ ಮೇಲೆ ಸಿಗುತ್ತವೆ.

ಶ್ರುತಿಯ ಪರೀಕ್ಷೆಯಲ್ಲಿ ಇದಕ್ಕೆ ಸಾಟಿ ಇಲ್ಲ. ಇಲ್ಲಿ ಸ್ವರ ಅಂದರೆ ಒಂದು ವೋಲ್ಟೇಜ್, ಒಂದು ವೋಲ್ಟಿಗೆ ಒಂದು ಸ್ಥಾಯಿ. 12 ಮನೆ ಎಂಬ ಕಟ್ಟುಪಾಡೇ ಇಲ್ಲ. ಮೂರು ವಿಸಿಒ, ಅಂದರೆ ಆಸಿಲೇಟರ್, ತೆಗೆದುಕೊಳ್ಳಿ. ಫ್ರೀಕ್ವೆನ್ಸಿ ಗುಂಡಿಯ ಮೇಲೆ ರೈಟ್ ಕ್ಲಿಕ್ ಮಾಡಿ 261.63, 327.03, 392.44 ಅಂತ ಟೈಪ್ ಮಾಡಿ. ಮೂರರ ಗರಗಸ ಅಲೆಯನ್ನೂ ಮಿಕ್ಸರಿಗೆ, ಅಲ್ಲಿಂದ ಫಿಲ್ಟರಿಗೆ, ಅಲ್ಲಿಂದ ಆಡಿಯೊ ಮಾಡ್ಯೂಲಿಗೆ ಎಳೆಯಿರಿ. ಬಹಳ ನಿಧಾನಕ್ಕೆ ಅಲುಗುವ ಆಸಿಲೇಟರ್ ಆದ ಒಂದು ಎಲ್‌ಎಫ್‌ಒದಿಂದ ಫಿಲ್ಟರಿನ ಕಟ್‌ಆಫ್ (ಸೋಸುವ ಗಡಿ) ಮೆಲ್ಲಗೆ ಏರಿಳಿಯಲಿ. ಈಗ ಕೇಳಿ. ಆಮೇಲೆ ನಡುವಿನದ್ದನ್ನು 329.63 ಮಾಡಿ ಮತ್ತೆ ಕೇಳಿ. ಶ್ರುತಿ ಅಂದರೆ ಏನು ಅಂತ ಇದಕ್ಕಿಂತ ಚೆನ್ನಾಗಿ ಹೇಳಿಕೊಡುವ ಪಾಠ ನನಗೆ ಕಂಪ್ಯೂಟರಿನಲ್ಲಿ ಬೇರೆ ಸಿಕ್ಕಿಲ್ಲ. ನಾದದ ಹುಚ್ಚು ಇದ್ದವರು ಇದರ ಮುಂದೆ ರಾತ್ರಿಯಿಡೀ ಕೂರಬಹುದು ಮಾರಾಯ್ರೆ, ಅದರಲ್ಲಿ ಏನೂ ತಪ್ಪಿಲ್ಲ.

ತಾಳದಲ್ಲಿ ಮಾತ್ರ ಹಿಂದೆ ಬೀಳುತ್ತದೆ. ಜೊತೆಗೇ ಬರುವ, ಸ್ವರಗಳನ್ನು ಸರದಿಯಲ್ಲಿ ನುಡಿಸುವ ಸೀಕ್ವೆನ್ಸರಿನಲ್ಲಿ 8 ಮೆಟ್ಟಿಲು, ಅದನ್ನು 7ಕ್ಕೆ ಇಳಿಸಬಹುದು. ಅಲ್ಲಿಗೆ ತ್ರಿವುಡೆಯ ಒಂದು ಸುತ್ತು ತಿರುಗುತ್ತದೆ. ಆದರೆ ನಡುವೆ ತಾಳ ಬದಲಾಗಬೇಕು, ಮುಕ್ತಾಯ ಬರಬೇಕು, ಮತ್ತೆ ಮೊದಲಿನದಕ್ಕೆ ಮರಳಬೇಕು ಅಂದರೆ ಇನ್ನಷ್ಟು ಸೀಕ್ವೆನ್ಸರ್, ಸ್ವಿಚ್ಚು, ವಯರು. ಟ್ರ್ಯಾಕರಿನಲ್ಲಿ ಎರಡು ನಿಮಿಷದಲ್ಲಿ ಬರೆದು ಮುಗಿಸುವುದನ್ನು ಇಲ್ಲಿ ಕಟ್ಟುತ್ತಾ ಕೂರಬೇಕು. ಹಾಡಿನ ಸುರು, ನಡು, ಕೊನೆ ಬೇಕು ಅನ್ನುವವರಿಗೆ ಇದು ಒಬ್ಬಂಟಿಯಾಗಿ ಸಾಲದು.

ಭಾರವೂ ಜಾಸ್ತಿ. ಪರದೆ ಬಿಡಿಸಲಿಕ್ಕೇ ಗ್ರಾಫಿಕ್ಸ್ ಬೇಕು. ಹಳೇ ಲ್ಯಾಪ್‌ಟಾಪಿನಲ್ಲಿ ಫ್ಯಾನ್ ಬೊಬ್ಬೆ ಹಾಕಲು ಸುರು ಮಾಡುತ್ತದೆ. ವ್ಯೂ ಮೆನುವಿನಲ್ಲಿ ಫ್ರೇಮ್ ರೇಟ್ ಇಳಿಸಿದರೆ ಸ್ವಲ್ಪ ಸುಧಾರಿಸುತ್ತದೆ. ಎಫ್3 ಒತ್ತಿದರೆ ಯಾವ ಮಾಡ್ಯೂಲ್ ಎಷ್ಟು ತಿನ್ನುತ್ತಿದೆ ಅಂತ ಅದರ ಮೇಲೆಯೇ ಕಾಣುತ್ತದೆ, ಜಾಸ್ತಿ ತಿನ್ನುವುದನ್ನು ತೆಗೆದು ಬೇರೆ ಹಾಕಿ. ಹೆಚ್ಚಿನ ಮಾಡ್ಯೂಲ್ ಬೇಕಾದರೆ ಖಾತೆ ತೆರೆದು ನೆಟ್ಟಿನಿಂದ ಇಳಿಸಬೇಕು, ಇಳಿಸಿದ ಮೇಲೆ ನೆಟ್ ಇಲ್ಲದಿದ್ದರೂ ನಡೆಯುತ್ತದೆ. ಗೆಳೆಯನಿಗೆ ಪ್ಯಾಚ್, ಅಂದರೆ ನೀವು ಕಟ್ಟಿದ ಜೋಡಣೆ, ಕಳಿಸಿದರೆ ಅವನಲ್ಲೂ ಅವೇ ಮಾಡ್ಯೂಲುಗಳು ಇರಬೇಕು. ಟ್ರ್ಯಾಕರ್ ಫೈಲಿನಲ್ಲಾದರೆ ಸ್ಯಾಂಪಲ್ ಸಮೇತ ಎಲ್ಲ ಒಳಗೇ ಇರುತ್ತದೆ, ವಾಟ್ಸಾಪಿನಲ್ಲಿ ಡಾಕ್ಯುಮೆಂಟ್ ಆಗಿ ಹಾಕಿದರೆ ಆಯಿತು.

ಬೇರೆ ಸಂಗೀತ ತಂತ್ರಾಂಶದ ಒಳಗೆ ರ‍್ಯಾಕನ್ನು ಪ್ಲಗಿನ್ ಆಗಿ ಓಡಿಸಬೇಕಾದರೆ ಪ್ರೊ ಆವೃತ್ತಿ ಕೊಳ್ಳಬೇಕು, 149 ಡಾಲರ್. ನಮ್ಮ ಲೆಕ್ಕದಲ್ಲಿ ಹತ್ತು ಸಾವಿರ ರೂಪಾಯಿಗಿಂತ ಜಾಸ್ತಿ. ಆ ದುಡ್ಡು ಕೊಡುವ ಮೊದಲು ಕಾರ್ಡಿನಲ್ ನೋಡಿ. ರ‍್ಯಾಕಿನ ಮೇಲೆಯೇ ಕಟ್ಟಿದ ಮುಕ್ತ ತಂತ್ರಾಂಶ ಅದು, ಪ್ಲಗಿನ್ ಆಗಿಯೂ ಓಡುತ್ತದೆ, ದುಡ್ಡಿಲ್ಲ. ಖಾತೆ ಬೇಡ, ಬಹಳಷ್ಟು ಮಾಡ್ಯೂಲುಗಳು ಒಳಗೇ ಇರುತ್ತವೆ, ಇಳಿಸಿದ ದಿನದಿಂದ ನೆಟ್ಟಿನ ಹಂಗಿಲ್ಲ. ಒಳಗಿಲ್ಲದ ಮಾಡ್ಯೂಲನ್ನು ನೀವಾಗಿ ಸೇರಿಸಲಿಕ್ಕೆ ಆಗುವುದಿಲ್ಲ, ಅದೊಂದೇ ಮಿತಿ. ಇಬ್ಬರೂ ಒಂದೇ ಆವೃತ್ತಿಯ ಕಾರ್ಡಿನಲ್ ಇಟ್ಟುಕೊಂಡರೆ ಪ್ಯಾಚ್ ಹಂಚಿಕೊಳ್ಳುವ ತಲೆನೋವೂ ಇಲ್ಲ. ನೆಟ್ ಸರಿಯಿಲ್ಲದ ಊರಿನವರಿಗೆ ರ‍್ಯಾಕಿಗಿಂತ ಇದನ್ನೇ ಹೇಳುತ್ತೇನೆ.

ಪ್ಯೂರ್ ಡೇಟಾ

ಮಿಲ್ಲರ್ ಪಕೆಟ್ 1996ರಲ್ಲಿ ತಂದದ್ದು. ಇದರಲ್ಲಿ ಗುಂಡಿ, ಮುಖಫಲಕ ಏನೂ ಇಲ್ಲ, ಖಾಲಿ ಬಿಳಿ ಹಾಳೆ. ಹೆಸರು ಬರೆದ ಚೌಕಗಳನ್ನು ಇಟ್ಟು ಗೆರೆ ಎಳೆಯಬೇಕು. 261.63 ಅಂತ ಬರೆದ ಒಂದು ಆಸಿಲೇಟರ್ ಚೌಕ, 392.44 ಅಂತ ಇನ್ನೊಂದು, ಎರಡನ್ನೂ 0.1ರಿಂದ ಗುಣಿಸಿ ಔಟ್‌ಪುಟ್ಟಿಗೆ ಕೊಟ್ಟರೆ ಶ್ರುತಿ ಸಿದ್ಧ. ಗುಣಿಸುವುದನ್ನು ಬಿಡಬೇಡಿ, ಇಲ್ಲದಿದ್ದರೆ ಹೆಡ್‌ಫೋನಿನಲ್ಲಿ ಕಿವಿ ಒಡೆಯುವಷ್ಟು ಜೋರು ಬರುತ್ತದೆ. ತಾಳಕ್ಕೆ ಒಂದು ಎಣಿಕೆಯ ಚೌಕ ಮಾಡಿ, 7ರಿಂದ ಭಾಗಿಸಿ ಶೇಷ ನೋಡಿದರೆ ಯಾವ ಅಕ್ಷರದಲ್ಲಿ ಇದ್ದೇವೆ ಅಂತ ಗೊತ್ತಾಗುತ್ತದೆ. 7ರ ಬದಲು 10 ಬರೆದರೆ ಝಂಪೆ. ಲೆಕ್ಕ ಇಷ್ಟ, ಪ್ರೋಗ್ರಾಮಿಂಗ್ ಇಷ್ಟ ಅನ್ನುವವರಿಗೆ, ಶಾಲೆಯಲ್ಲಿ ಕಂಪ್ಯೂಟರ್ ಕಲಿಸುವ ಮೇಷ್ಟ್ರು, ಟೀಚರುಗಳಿಗೆ ಇದು ಬಹಳ ಒಳ್ಳೆಯದು. ಹಗುರವೂ ಹೌದು. ಬೇಗ ಒಂದು ಹಾಡು ಆಗಬೇಕು ಅನ್ನುವವರು ಈ ಕಡೆ ಬರಬೇಡಿ. ಮೂಲ ರೂಪ ತೀರಾ ಬೋಳು ಅನ್ನಿಸಿದರೆ ಪ್ಲಗ್‌ಡೇಟಾ ಅಂತ ಅದರದ್ದೇ ಇನ್ನೊಂದು ರೂಪ ಪುಕ್ಕಟೆ ಸಿಗುತ್ತದೆ, ಪರದೆ ಅಚ್ಚುಕಟ್ಟಾಗಿದೆ, ಪ್ಲಗಿನ್ ಆಗಿಯೂ ಓಡುತ್ತದೆ.

ದುಡ್ಡಿದ್ದರೆ ಎಲ್ಲಿ ಹಾಕಬೇಕು

ಸಾಫ್ಟ್‌ವೇರಿಗಲ್ಲ. ಮೊದಲು ಒಂದು ವಯರ್ ಇರುವ ಹೆಡ್‌ಫೋನ್. ಬ್ಲೂಟೂತ್ ಬೇಡ, ಕೀ ಒತ್ತಿದ್ದಕ್ಕೂ ಸದ್ದು ಕೇಳುವುದಕ್ಕೂ ನಡುವೆ ತಡವಾಗುತ್ತದೆ, ತಾಳದ ಕೆಲಸಕ್ಕೆ ಅದು ಆಗುವುದಿಲ್ಲ. ಪಿಯಾನೊದಂಥ ಮಿಡಿ ಕೀಬೋರ್ಡ್ ಆಮೇಲೆ ನೋಡಿದರೆ ಸಾಕು. ಟ್ರ್ಯಾಕರುಗಳಲ್ಲಿ ಕಂಪ್ಯೂಟರಿನ ಕೀಲಿಗಳೇ ಪಿಯಾನೊದ ಹಾಗೆ ಎರಡು ಸ್ಥಾಯಿ ಕೊಡುತ್ತವೆ.

ಬರೆದು ನುಡಿಸುವವರಿಗೆ ಈ ತಡದ ಚಿಂತೆ ಕಡಿಮೆ. ಆದರೆ ವೇದಿಕೆಯಲ್ಲಿ ಮದ್ದಳೆಯವರ ಜೊತೆ ನೇರವಾಗಿ ನುಡಿಸುವ ಯೋಚನೆ ಇದ್ದರೆ ಆಡಿಯೊ ಬಫರ್, ಅಂದರೆ ಸದ್ದನ್ನು ನುಡಿಸುವ ಮೊದಲು ಕೂಡಿಡುವ ಜಾಗ, ನೋಡಿಕೊಳ್ಳಿ. 44,100 ಹರ್ಟ್ಸಿನಲ್ಲಿ 512ರ ಬಫರ್ ಅಂದರೆ ಸುಮಾರು 11.6 ಮಿಲಿಸೆಕೆಂಡು, 256 ಆದರೆ ಅದರ ಅರ್ಧ. ರ‍್ಯಾಕಿನಂಥ ಭಾರದ ತಂತ್ರಾಂಶದಲ್ಲಿ ಬಫರ್ ಇಳಿಸಿದರೆ ಹಳೇ ಕಂಪ್ಯೂಟರಿನಲ್ಲಿ ಸದ್ದು ಚಟಪಟ ಅಂತ ಒಡೆಯುತ್ತದೆ. ಸನ್‌ವಾಕ್ಸ್‌ನಲ್ಲಿ ಇಳಿಸಲು ಜಾಸ್ತಿ ಅವಕಾಶ ಸಿಗುತ್ತದೆ.

ಎರಡೂ ಬೇಕು ಅನ್ನುವವರಿಗೆ

ತಾಳವೂ ಬೇಕು, ಆ ಕರಗುವ ಗಾಂಧಾರವೂ ಬೇಕು ಅಂತಾದರೆ ಎರಡನ್ನೂ ಒಟ್ಟಿಗೆ ಓಡಿಸಿ ಲ್ಯಾಪ್‌ಟಾಪನ್ನು ಸುಸ್ತು ಮಾಡಬೇಡಿ. ರ‍್ಯಾಕಿನಲ್ಲಿ ಶ್ರುತಿ ಕಟ್ಟಿ, ಅದರ ರೆಕಾರ್ಡರ್ ಮಾಡ್ಯೂಲಿನಿಂದ ಒಂದಷ್ಟು ಹೊತ್ತು ವೇವ್ ಫೈಲಾಗಿ ಹಿಡಿದುಕೊಳ್ಳಿ, ರ‍್ಯಾಕ್ ಮುಚ್ಚಿಬಿಡಿ. ಆ ಫೈಲಿನಿಂದ ಸರಿಯಾಗಿ 3.36 ಸೆಕೆಂಡು ಕತ್ತರಿಸಿದರೆ ಅದು ಮಾಮೂಲಿ ವೇಗದ ತ್ರಿವುಡೆಯ ಒಂದು ಸುತ್ತು. ಮೋನೊ, 16 ಬಿಟ್ ಆದರೆ 300 ಕೆಬಿಯ ಒಳಗೇ ಬರುತ್ತದೆ. ಓಪನ್‌ಎಂಪಿಟಿಯ ಸ್ಯಾಂಪಲ್ ಪುಟಕ್ಕೆ ತಂದು ಲೂಪ್ ಮಾಡಿ. ಸೇರುವ ಜಾಗದಲ್ಲಿ ಟಿಕ್ ಅಂತ ಕೇಳಿದರೆ ಅಲ್ಲಿಯೇ ಕ್ರಾಸ್‌ಫೇಡ್ ಮಾಡುವ ಗುಂಡಿ ಇದೆ, ಅದರಿಂದ ತುದಿಗಳು ಬೆಸೆದುಕೊಳ್ಳುತ್ತವೆ. ಫಿಲ್ಟರಿನ ಏರಿಳಿತ ನಿಧಾನ ಇದ್ದಷ್ಟೂ ಒಂದು ಸುತ್ತು ಸಾಲುವುದಿಲ್ಲ. ಆಗ ನಾಲ್ಕು ಸುತ್ತು, ಅಂದರೆ 13.44 ಸೆಕೆಂಡಿನ ತುಂಡು ತೆಗೆಯಿರಿ, ಮತ್ತು ನಾಲ್ಕು ಪ್ಯಾಟರ್ನಿಗೊಮ್ಮೆ ಮಾತ್ರ ಆ ಸ್ವರವನ್ನು ಬರೆಯಿರಿ.